ಬೇರೆ ರಾಜ್ಯಕ್ಕೆ ಮನೆ ಬದಲಿಸುವಾಗ ಪರವಾನಗಿ ಕೋವಿಯನ್ನು ಒಯ್ಯುವ ಕ್ರಮ

ಚನ್ನಗಿರಿ, ನ್ಯಾಮತಿ, ಹೊಳಲ್ಕೆರೆ ಕಡೆಯ ತೋಟದ ಮನೆಗಳಲ್ಲಿ ಇಂದಿಗೂ ಒಂಟಿ ನಳಿಗೆಯದೋ ಜೋಡು ನಳಿಗೆಯದೋ ಒಂದು ಕೋವಿ ಇರುತ್ತದೆ. ಹಂದಿ ಕಾಟಕ್ಕೆಂದು ಅಜ್ಜನ ಕಾಲದಲ್ಲಿ ತೆಗೆದುಕೊಂಡದ್ದು, ಅಪ್ಪನ ಹೆಸರಿನಲ್ಲಿ ನವೀಕರಣವಾಗುತ್ತಾ ಬಂದದ್ದು. ಚಳ್ಳಕೆರೆ, ಹಿರಿಯೂರು ಕಡೆಯ ನಿವೃತ್ತ ಸೈನಿಕರಲ್ಲಿ ಬ್ಯಾಂಕ್ ಕಾವಲಿಗೆಂದು ಹನ್ನೆರಡು ಬೋರಿನ ಕೋವಿ ಇಟ್ಟುಕೊಂಡವರಿದ್ದಾರೆ. ಇವರಲ್ಲಿ ಯಾರಿಗಾದರೂ ಪುಣೆಗೋ ಹೈದರಾಬಾದಿಗೋ ಹೋಗಿ ನೆಲೆಸುವ ಸಂದರ್ಭ ಬಂದರೆ ಮಂಚ, ಬೀರು, ಗ್ಯಾಸ್ ಸಂಪರ್ಕದ ಯೋಚನೆಯೆಲ್ಲ ಮುಗಿದ ಮೇಲೆ, ಹೊರಡುವ ವಾರದಲ್ಲಿ ಕೋವಿಯ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಅರ್ಜಿ ಬರೆದುಕೊಡುವುದು ನನ್ನ ಕೆಲಸವಾದ್ದರಿಂದ ಇಂಥ ಪರವಾನಗಿ ಪುಸ್ತಕಗಳನ್ನು ಬಹಳ ನೋಡಿದ್ದೇನೆ. ಕಾನೂನು ಪಾಲಿಸಬೇಕೆಂಬ ಮನಸ್ಸಿರುವವರೇ, ಕ್ರಮ ಗೊತ್ತಿಲ್ಲದೆ ತೊಂದರೆಗೆ ಸಿಕ್ಕಿಬೀಳುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಕಾಗದಪತ್ರ ಮೊದಲು ಹೊಸ ಊರು ಸೇರಬೇಕು, ಕೋವಿ ಅದರ ಹಿಂದೆ ಹೋಗಬೇಕು. ಇದಕ್ಕೆ ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ರಾಜ್ಯ ಬದಲಾದರೆ ಹಳೆಯ ಪರವಾನಗಿ ರದ್ದಾಗುತ್ತದೆ, ಹೊಸದಾಗಿ ಅರ್ಜಿ ಹಾಕಬೇಕು ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ಶಸ್ತ್ರಾಸ್ತ್ರ ನಿಯಮಗಳೂ ಕೇಂದ್ರದವು, ದೇಶಕ್ಕೆಲ್ಲ ಒಂದೇ. ಬದಲಾಗುವುದು ನಿಮ್ಮ ಕಡತ ನೋಡುವ ಅಧಿಕಾರಿ. ದಾವಣಗೆರೆ, ಚಿತ್ರದುರ್ಗಗಳಲ್ಲಿ ಜಿಲ್ಲಾ ದಂಡಾಧಿಕಾರಿಯಾಗಿ ಜಿಲ್ಲಾಧಿಕಾರಿಗಳೇ ಪರವಾನಗಿ ಕೊಡುವವರು. ಪುಣೆ, ಹೈದರಾಬಾದಿನಂಥ ಪೊಲೀಸ್ ಕಮಿಷನರೇಟ್ ನಗರಗಳಲ್ಲಿ ಆ ಅಧಿಕಾರ ಪೊಲೀಸ್ ಕಮಿಷನರ್ ಬಳಿ ಇರುತ್ತದೆ. ಆದ್ದರಿಂದ ನೀವು ಹೋಗುವ ಬಡಾವಣೆ ಕಮಿಷನರೇಟಿಗೆ ಸೇರುತ್ತದೆಯೋ ಜಿಲ್ಲಾಧಿಕಾರಿಗೆ ಸೇರುತ್ತದೆಯೋ ಎಂಬುದನ್ನು ಮನೆ ಗೊತ್ತುಮಾಡಿದ ದಿನವೇ ತಿಳಿದುಕೊಳ್ಳಿ. ಊರಂಚಿನ ಬಡಾವಣೆಗಳಲ್ಲಿ ಈ ಗೊಂದಲ ಹೆಚ್ಚು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೂತುಬಿಡುತ್ತದೆ.

ಪುಸ್ತಕ ತೆರೆದು ನೋಡಿ

ಪರವಾನಗಿ ಪುಸ್ತಕವನ್ನು ಬೆಳಕಿನಲ್ಲಿ ಹಿಡಿದು ಸಾವಧಾನವಾಗಿ ಓದಿ. ಎಷ್ಟೋ ಮಂದಿ ನವೀಕರಣದ ಮುದ್ರೆಯನ್ನು ಬಿಟ್ಟು ಬೇರೆ ಪುಟ ನೋಡಿರುವುದೇ ಇಲ್ಲ.

ಹೆಸರು ಯಾರದು ಎಂಬುದೇ ಮೊದಲ ಪ್ರಶ್ನೆ. ಪರವಾನಗಿ ಅಪ್ಪನ ಹೆಸರಿನಲ್ಲಿದ್ದು ಊರು ಬಿಡುವವನು ಮಗನಾದರೆ ಕೋವಿ ಮಗನ ಜೊತೆ ಹೋಗುವಂತಿಲ್ಲ. ಮನೆಯ ಕೋವಿ ಎಂಬ ಮಾತು ಕಾನೂನಿಗೆ ಗೊತ್ತಿಲ್ಲ. ಅಪ್ಪ ತೀರಿಕೊಂಡಿದ್ದರೆ, ಅಥವಾ ಅವರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಆ ಕೆಲಸವನ್ನು ಊರಿನಲ್ಲಿರುವಾಗಲೇ ಮುಗಿಸಿಕೊಳ್ಳಬೇಕು. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಪತ್ರ ಬೇಕಾಗುತ್ತದೆ, ವಂಶವೃಕ್ಷ ಬೇಕಾಗುತ್ತದೆ, ಠಾಣೆಯಿಂದ ವರದಿ ಬರಬೇಕು. ಪುಣೆಯಲ್ಲಿ ಕುಳಿತು ಇದನ್ನೆಲ್ಲ ಹೊಂದಿಸಲು ಆಗುವುದಿಲ್ಲ.

ಅವಧಿ ಎಂದು ಮುಗಿಯುತ್ತದೆ ನೋಡಿ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದ ಬದಲು ಐದು ವರ್ಷವಾಗಿದೆ. ನಿಮ್ಮದು ಆರು ತಿಂಗಳೊಳಗೆ ಮುಗಿಯುವಂತಿದ್ದರೆ ಇಲ್ಲಿಯೇ ನವೀಕರಿಸಿಕೊಂಡು ಹೊರಡುವುದು ಜಾಣತನ. ಸ್ಥಳಾಂತರದ ಕಡತ ಎರಡು ರಾಜ್ಯಗಳ ನಡುವೆ ಓಡಾಡುತ್ತಿರುವಾಗ ಅವಧಿ ಮುಗಿದರೆ, ನಿಮ್ಮ ಕೈಯಲ್ಲಿರುವುದು ಪರವಾನಗಿಯಿಲ್ಲದ ಕೋವಿಯಾಗುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ 25ನೇ ಸೆಕ್ಷನ್ ಪ್ರಕಾರ ಈಗ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು ಮತ್ತು ದಂಡ. ಪರವಾನಗಿ ಇದ್ದು ಅದರ ಷರತ್ತು ಮುರಿದರೆ 30ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡರ ನಡುವಿನ ಅಂತರ ಒಂದು ನವೀಕರಣದ ಮುದ್ರೆಯಷ್ಟೆ.

ಆಮೇಲೆ ವ್ಯಾಪ್ತಿ. ಪುಸ್ತಕದಲ್ಲಿ ಒಂದು ಕಡೆ ಈ ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆದಿರುತ್ತದೆ. ದಾವಣಗೆರೆ ಜಿಲ್ಲೆ ಎಂದಿರಬಹುದು, ಕರ್ನಾಟಕ ರಾಜ್ಯ ಎಂದಿರಬಹುದು, ಕೆಲವರದ್ದರಲ್ಲಿ ಇಡೀ ಭಾರತ ಎಂದಿರುತ್ತದೆ. ಈಗಿನ ದಾವಣಗೆರೆ ಜಿಲ್ಲೆಯವರ 1997ಕ್ಕೆ ಮುಂಚಿನ ಪುಸ್ತಕಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದೋ, ಚನ್ನಗಿರಿ, ನ್ಯಾಮತಿ ಕಡೆಯವಾದರೆ ಶಿವಮೊಗ್ಗ ಜಿಲ್ಲೆ ಎಂದೋ ಇದ್ದು, ಆಮೇಲಿನ ನವೀಕರಣಗಳು ದಾವಣಗೆರೆಯಲ್ಲಿ ಆಗಿರುತ್ತವೆ. ಹೊರರಾಜ್ಯದ ಗುಮಾಸ್ತರಿಗೆ ಇದೊಂದು ಒಗಟಾಗಿ ಕಾಣುತ್ತದೆ. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು ಎಂಬುದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆದುಬಿಡಿ.

ಕೊನೆಗೆ ಯುಐಎನ್, ಅಂದರೆ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಹೆಸರಿಗೆ ಕೊಟ್ಟಿರುವ ವಿಶಿಷ್ಟ ಸಂಖ್ಯೆ. ಇದಿಲ್ಲದ ಪರವಾನಗಿಗೆ ಈಗ ಬೆಲೆಯಿಲ್ಲ. ಹೊಸ ಊರಿನ ಕಚೇರಿ ಮೊದಲು ಹುಡುಕುವುದೂ ಇದನ್ನೇ. ಪುಸ್ತಕದಲ್ಲಿ ಆ ಸಂಖ್ಯೆ ಕಾಣದಿದ್ದರೆ ಬೇರೆ ಎಲ್ಲ ಕೆಲಸ ಬಿಟ್ಟು ಮೊದಲು ಜಿಲ್ಲಾಧಿಕಾರಿ ಕಚೇರಿಯ ಮ್ಯಾಜಿಸ್ಟೀರಿಯಲ್ ಶಾಖೆಗೆ ಹೋಗಿ ವಿಚಾರಿಸಿ.

ಕೋವಿಯ ಮೇಲಿನ ಸಂಖ್ಯೆ

ಎಲ್ಲಕ್ಕಿಂತ ಹೆಚ್ಚು ಅರ್ಜಿಗಳು ಎಡವುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ. ಮಡಿಸುವ ಕೋವಿಯಾದರೆ ಮಡಿಸಿ, ನಳಿಗೆಯನ್ನು ಬಿಡಿಸಿ. ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ತಯಾರಕರ ಗುರುತಿನ ಜೊತೆ ಸಂಖ್ಯೆಯನ್ನು ಕೊರೆದಿರುತ್ತಾರೆ. ಹಳೆಯ ಕೋವಿಗಳಲ್ಲಿ ಎಣ್ಣೆ, ಮಸಿ ತುಂಬಿ ಅಂಕಿಗಳು ಮುಚ್ಚಿಹೋಗಿರುತ್ತವೆ. ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ಕೋವಿ ಎಣ್ಣೆ ಹಾಕಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿ, ಮೇಲೆ ಉಳಿದದ್ದನ್ನು ಬೆರಳಿನಿಂದ ತೆಗೆಯಿರಿ. ಕೊರೆದ ಗೆರೆಗಳಲ್ಲಿ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ. ತಂತಿ ಬ್ರಷ್, ಮರಳು ಕಾಗದ, ಅರ ಯಾವುದನ್ನೂ ಮುಟ್ಟಬೇಡಿ. ಗುರುತು ಅಳಿಸಿದ ಅಥವಾ ತಿದ್ದಿದ ಕೋವಿ ಇಟ್ಟುಕೊಳ್ಳುವುದು 8ನೇ ಸೆಕ್ಷನ್ ಪ್ರಕಾರ ಅಪರಾಧ. ಅದು ತನ್ನ ಕೈಯಿಂದ ಆದದ್ದಲ್ಲ ಎಂದು ತೋರಿಸುವ ಹೊಣೆಯೂ ಕೋವಿ ಇಟ್ಟುಕೊಂಡವರ ಮೇಲೆ ಬೀಳುತ್ತದೆ.

ಈಗ ಆ ಸಂಖ್ಯೆಯನ್ನು ಪುಸ್ತಕದ ಸಂಖ್ಯೆಯ ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. ಕೈಬರಹದ ಕಾಲದಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗಿರುವುದು ಸಾಮಾನ್ಯ. ಹಿಂದಿನ ಪುಸ್ತಕದಿಂದ ಹೊಸ ಪುಸ್ತಕಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ಇಳಿಸುವಾಗ ಒಂದು ಅಂಕಿ ಬಿಟ್ಟುಹೋಗಿರಲೂಬಹುದು. ಕೋವಿಯ ಬಗೆಯನ್ನೂ ನೋಡಿ. ಒಂಟಿ ನಳಿಗೆಯ ತೋಟಾ ಕೋವಿಯಾದರೆ ಎಸ್‌ಬಿಬಿಎಲ್, ಜೋಡು ನಳಿಗೆಯದಾದರೆ ಡಿಬಿಬಿಎಲ್, ಮದ್ದು ತುಂಬುವ ಕೇಪಿನ ಕೋವಿಯಾದರೆ ಎಸ್‌ಬಿಎಂಎಲ್ ಎಂದಿರಬೇಕು. ಒಂದಕ್ಕೆ ಇನ್ನೊಂದು ಬರೆದಿರುವ ಪುಸ್ತಕಗಳನ್ನು ನಾನೇ ನೋಡಿದ್ದೇನೆ. ಊರಿನ ಠಾಣೆಯಲ್ಲಿ ನಿಮ್ಮ ಮನೆತನ ಗೊತ್ತು, ಕೋವಿಯೂ ಗೊತ್ತು, ಅದರಿಂದ ಇಷ್ಟು ವರ್ಷ ಯಾರೂ ತಡೆದಿರಲಿಕ್ಕಿಲ್ಲ. ಹೊರರಾಜ್ಯದ ಅಧಿಕಾರಿಯ ಕಣ್ಣಿಗೆ ಅದು ಬೇರೆಯೇ ಕೋವಿ.

ವ್ಯತ್ಯಾಸ ಕಂಡರೆ ನೀವೇ ಪೆನ್ನು ಹಿಡಿದು ತಿದ್ದಬೇಡಿ. ಕೊಂಡಾಗಿನ ರಸೀದಿ, ಹಿಂದಿನ ಪುಸ್ತಕ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿದಾಗ ಕೊಟ್ಟ ರಸೀದಿ, ಇವುಗಳಲ್ಲಿ ಸರಿಯಾದ ಸಂಖ್ಯೆ ಇದ್ದೇ ಇರುತ್ತದೆ. ಅವುಗಳ ಪ್ರತಿಗಳೊಂದಿಗೆ ತಿದ್ದುಪಡಿಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ. ಕೋವಿಯನ್ನು ಪರಿಶೀಲನೆಗೆ ತರಲು ಹೇಳುತ್ತಾರೆ. ಹೇಳಿದ ದಿನ ತನ್ನಿ, ಹೇಳದೆ ತರಬೇಡಿ.

ತೋಟಾಗಳ ಲೆಕ್ಕವನ್ನೂ ಇದೇ ಕೂರುವಿಕೆಯಲ್ಲಿ ಮುಗಿಸಿ. ಪುಸ್ತಕದಲ್ಲಿ ನಮೂದಾದ ಖರೀದಿ, ಬಳಸಿದ್ದು, ಉಳಿದದ್ದು ತಾಳೆಯಾಗಬೇಕು. ಹಳೆಯ ತೋಟಾಗಳು ತೇವ ಕುಡಿದು ಉಬ್ಬಿದ್ದರೆ ಅವನ್ನು ಹೊತ್ತುಕೊಂಡು ಹೋಗುವುದು ಬೇಡ, ಠಾಣೆಗೆ ಒಪ್ಪಿಸಿ ಬರಹದಲ್ಲಿ ರಸೀದಿ ಪಡೆಯಿರಿ.

ಒಯ್ಯಲೇಬೇಕೆ?

ಇಲ್ಲಿ ನಿಂತು ಒಮ್ಮೆ ಯೋಚಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನಿನ ಕಾರಣಕ್ಕೆ ಕೊಟ್ಟದ್ದು. ಚನ್ನಗಿರಿಯ ಅಡಿಕೆ ತೋಟವನ್ನು ಕಾಯಲು ಕೊಟ್ಟ ಕೋವಿಯನ್ನು ಪುಣೆಯ ನಾಲ್ಕನೇ ಮಹಡಿಯ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರೆ ಅಧಿಕಾರಿ ಕಾರಣ ಕೇಳುತ್ತಾರೆ, ಕೇಳಲೂ ಬೇಕು. ಆತ್ಮರಕ್ಷಣೆಗೆ ಎಂಬ ಪರವಾನಗಿಗೂ ಹೊಸ ಊರಿನಲ್ಲಿ ಯಾವ ಅಪಾಯವಿದೆ ಎಂಬ ಪ್ರಶ್ನೆ ಬರುತ್ತದೆ. ಬ್ಯಾಂಕ್ ಕಾವಲಿನವರಿಗೆ ಹೊಸ ಕಡೆಯ ನೇಮಕ ಪತ್ರವೇ ಉತ್ತರ. ಗುರಿ ಹೊಡೆಯುವ ಕ್ರೀಡೆಯವರಿಗೆ ರೈಫಲ್ ಕ್ಲಬ್ಬಿನ ಸದಸ್ಯತ್ವ ಸಾಕು. ತೋಟದವರಿಗೆ ಒಳ್ಳೆಯ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ.

ಹಾಗೆಂದು ಕೋವಿಯನ್ನು ಊರಿನ ಮನೆಯ ಅಟ್ಟದಲ್ಲಿಟ್ಟು, ಬೀಗದ ಕೈ ಅಮ್ಮನ ಕೈಗೆ ಕೊಟ್ಟು ಹೋಗುವುದಂತೂ ಕೂಡದು. ಪರವಾನಗಿ ಇರುವವರು ಇನ್ನೊಂದು ರಾಜ್ಯದಲ್ಲಿದ್ದು, ಕೋವಿ ಪರವಾನಗಿ ಇಲ್ಲದವರ ಸುಪರ್ದಿನಲ್ಲಿದ್ದರೆ, ಏನಾದರೂ ನಡೆದ ದಿನ ವಯಸ್ಸಾದ ತಾಯಿ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಹತ್ತಿರದ ಠಾಣೆಯಲ್ಲಿ ಇಲ್ಲವೇ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಿ. ಅಂಗಡಿಯಲ್ಲಿ ಬಾಡಿಗೆ ಕೇಳುತ್ತಾರೆ, ಆದರೆ ಎಣ್ಣೆ ಹಾಕಿ ಕಾಪಾಡುತ್ತಾರೆ. ಠಾಣೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದರೆ ತುಕ್ಕು ಖಂಡಿತ. ಎಲ್ಲಿ ಇಟ್ಟರೂ ಕೋವಿಯ ಸಂಖ್ಯೆ, ತೋಟಾಗಳ ಎಣಿಕೆ, ದಿನಾಂಕ, ಮುದ್ರೆ ಇರುವ ರಸೀದಿ ಬೇಕು. ಠೇವಣಿಯಲ್ಲಿದ್ದರೂ ಪರವಾನಗಿಯ ನವೀಕರಣ ನಿಲ್ಲಬಾರದು.

ಮಾರುವುದಾದರೆ, ಪರವಾನಗಿ ಇರುವ ಖಾಸಗಿ ವ್ಯಕ್ತಿಗೆ ಕೊಡುವ ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಕೊಳ್ಳುವವರ ಹೆಸರು, ವಿಳಾಸದ ಸಮೇತ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ದಿನದಿಂದ 45 ದಿನ ಕಳೆಯುವವರೆಗೆ ಕೈ ಬದಲಾಯಿಸುವಂತಿಲ್ಲ. ಊರು ಬಿಡುವ ದಿನಕ್ಕೆ ಇದನ್ನು ಹೊಂದಿಸಿ ಲೆಕ್ಕ ಹಾಕಿ. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರಬಾರದು ಎಂಬ ಮಿತಿ 2019ರಿಂದ ಇದೆ. ಪಿತ್ರಾರ್ಜಿತವಾದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಕೊಳ್ಳುವವರ ಬಳಿ ಆಗಲೇ ಎಷ್ಟಿವೆ ಎಂದು ಕೇಳಿಯೇ ಮುಂದುವರಿಯಿರಿ.

ಇಲ್ಲಿಯ ಅರ್ಜಿ

ಒಯ್ಯುವುದೇ ಎಂದಾದರೆ ಜಿಲ್ಲಾಡಳಿತ ಭವನಕ್ಕೆ ಹೋಗಿ. ಕೇಳಬೇಕಾದ್ದು ಮೂರು: ವಾಸಸ್ಥಳ ಬದಲಾವಣೆಯ ನಮೂದು, ಹೊಸ ಪ್ರಾಧಿಕಾರಕ್ಕೆ (ಅಂದರೆ ಹೊಸ ಊರಿನಲ್ಲಿ ಪರವಾನಗಿ ನೋಡುವ ಅಧಿಕಾರಿಗೆ) ನಿರಾಕ್ಷೇಪಣೆ ಪತ್ರ, ವ್ಯಾಪ್ತಿ ಸಾಲದಿದ್ದರೆ ಸಾಗಣೆಗೆ ಲಿಖಿತ ಅನುಮತಿ. ಅರ್ಜಿ ಹೀಗಿರಲಿ:

"ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳವರಿಗೆ. ವಿಷಯ: ಶಸ್ತ್ರ ಪರವಾನಗಿದಾರರ ವಾಸಸ್ಥಳ ಬದಲಾವಣೆ ಕುರಿತು. ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಇಂಥ ಸಂಖ್ಯೆಯ ಪರವಾನಗಿ ಹಾಗೂ ಇಂಥ ಯುಐಎನ್ ಹೊಂದಿರುತ್ತೇನೆ. ಅದರಡಿ ಇಂಥ ಸಂಖ್ಯೆಯ ಡಿಬಿಬಿಎಲ್ ಕೋವಿ ಒಂದು ಮತ್ತು ಇಷ್ಟು ತೋಟಾಗಳು ನನ್ನ ಬಳಿ ಇರುತ್ತವೆ. ಉದ್ಯೋಗ ನಿಮಿತ್ತ ಇಂಥ ದಿನಾಂಕದಿಂದ ಇಂಥ ವಿಳಾಸದಲ್ಲಿ ಕಾಯಂ ಆಗಿ ವಾಸಿಸಲಿದ್ದೇನೆ. ಸದರಿ ಕೋವಿಯನ್ನು ಇಂಥ ದಿನಾಂಕದಿಂದ ಇಂಥ ದಿನಾಂಕದೊಳಗೆ ಇಂಥ ಮಾರ್ಗವಾಗಿ ಸ್ವಂತ ವಾಹನದಲ್ಲಿ ನಾನೇ ಒಯ್ಯಲು ಅನುಮತಿ ನೀಡಿ, ಸಂಬಂಧಿಸಿದ ಪ್ರಾಧಿಕಾರಕ್ಕೆ ನಿರಾಕ್ಷೇಪಣೆ ಪತ್ರ ಕಳುಹಿಸಿಕೊಡಬೇಕಾಗಿ ವಿನಂತಿ."

ಪರವಾನಗಿಯ ಎಲ್ಲ ಪುಟಗಳ ಪ್ರತಿ, ಆಧಾರ್, ಹೊಸ ಮನೆಯ ಬಾಡಿಗೆ ಕರಾರು ಅಥವಾ ಕ್ರಯಪತ್ರ, ವರ್ಗಾವಣೆ ಇಲ್ಲವೇ ನೇಮಕ ಆದೇಶ ಲಗತ್ತಿಸಿ. ಸ್ವೀಕೃತಿಯ ಮುದ್ರೆ ಹಾಕಿದ ಒಂದು ಪ್ರತಿ ನಿಮ್ಮ ಬಳಿ ಉಳಿಯಬೇಕು. ಕಡತ ಇಲ್ಲಿಂದ ಎಸ್ಪಿ ಕಚೇರಿಗೂ ಅಲ್ಲಿಂದ ನಿಮ್ಮ ಠಾಣೆಗೂ ಹೋಗಿ, ನಿಮ್ಮ ಮೇಲೆ ಪ್ರಕರಣಗಳಿಲ್ಲ ಎಂಬ ವರದಿಯೊಂದಿಗೆ ಹಿಂದಿರುಗುತ್ತದೆ. ಠಾಣೆಯಲ್ಲಿ ವಿಚಾರಿಸುತ್ತಿದ್ದರೆ ಬೇಗ, ಸುಮ್ಮನಿದ್ದರೆ ನಿಧಾನ.

ಇಡೀ ಭಾರತದ ವ್ಯಾಪ್ತಿಗೆ ಕೇಳಿಬಿಡುತ್ತೇನೆ ಎನ್ನುವವರಿದ್ದಾರೆ. ಅದು ಎಲ್ಲರಿಗೂ ಸಿಗುವಂಥದ್ದಲ್ಲ, ಜಿಲ್ಲಾ ಮಟ್ಟದಲ್ಲಿ ಮುಗಿಯುವುದೂ ಇಲ್ಲ. ಅದನ್ನು ನೆಚ್ಚಿಕೊಂಡು ದಿನ ಕಳೆಯಬೇಡಿ. ಸಾಗಣೆಯ ಅನುಮತಿಯೂ ಸಿಗದಿದ್ದರೆ ಕೋವಿಯನ್ನು ಇಲ್ಲಿಯೇ ಠೇವಣಿ ಇಟ್ಟು ನೀವು ಹೊರಡಿ. ಹೊಸ ಪ್ರಾಧಿಕಾರ ಒಪ್ಪಿದ ಮೇಲೆ ಬಂದು ಒಯ್ಯಬಹುದು. ನನ್ನ ಅಭಿಪ್ರಾಯದಲ್ಲಿ ಅನುಮತಿ ಸಿಕ್ಕವರಿಗೂ ಇದೇ ಒಳ್ಳೆಯ ದಾರಿ, ಒಂದು ಓಡಾಟ ಹೆಚ್ಚಾದರೂ ಸರಿ.

ಇನ್ನೊಂದು ಕೆಲಸ ಮರೆಯಬೇಡಿ. ನಮ್ಮ ಪುಸ್ತಕಗಳಲ್ಲಿ ಮುದ್ರೆ, ನಮೂದು, ಕೆಲವೊಮ್ಮೆ ಅಂಕಿಗಳೂ ಕನ್ನಡದಲ್ಲಿರುತ್ತವೆ. ಮರಾಠಿ ಓದುವ ಕಚೇರಿಯಲ್ಲಿ ಅದನ್ನು ಮುಂದಿಟ್ಟರೆ ಕಡತ ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಪುಟಗಳ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿಯಿಂದ ದೃಢೀಕರಿಸಿಕೊಂಡೇ ಹೊರಡಿ.

ದಾರಿ

ಸಾಮಾನು ಸಾಗಿಸುವ ಲಾರಿಯಲ್ಲಿ ಕೋವಿ ಹೋಗಬಾರದು. ಬೀರುವಿನೊಳಗೆ ಬೀಗ ಹಾಕಿಟ್ಟರೂ ಲಾರಿ ಚಾಲಕನ ವಶದಲ್ಲಿ ಇದ್ದಂತೆಯೇ. ಕೊರಿಯರ್, ಪಾರ್ಸೆಲ್ ಮಾತು ಬೇಡವೇ ಬೇಡ. ಪರವಾನಗಿದಾರರು, ಪರವಾನಗಿ ಪುಸ್ತಕದ ಅಸಲು ಪ್ರತಿ, ಅನುಮತಿ ಪತ್ರ, ಕೋವಿ, ನಾಲ್ಕೂ ಒಂದೇ ವಾಹನದಲ್ಲಿರಬೇಕು.

ನಳಿಗೆ ಬಿಡಿಸಿ, ಕೋವಿಯನ್ನು ಪೂರ್ತಿ ಮುಚ್ಚುವ ಚೀಲದಲ್ಲಿ ಹಾಕಿ ಬೀಗ ಹಾಕಿ. ಸಾರ್ವಜನಿಕ ಸ್ಥಳದಲ್ಲಿ ಕೋವಿ ಹೊರಗೆ ಕಾಣುವಂತೆ ಒಯ್ಯುವುದನ್ನು ನಿಯಮವೇ ನಿಷೇಧಿಸಿದೆ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ರಾತ್ರಿ ಲಾಡ್ಜಿನಲ್ಲಿ ತಂಗಬೇಕಾದರೆ ಕಾರಿನಲ್ಲಿ ಬಿಟ್ಟು ಮಲಗಬೇಡಿ. ಒಂದೇ ಹಗಲಿನಲ್ಲಿ ಮುಗಿಯುವಂತೆ ಹೊರಡುವುದು ಉತ್ತಮ.

ಯಾವ ದಾರಿ ಎಂಬುದೂ ಮುಖ್ಯ. ಪುಣೆಗೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿ ನೇರ ಮಹಾರಾಷ್ಟ್ರ, ತೊಡಕಿಲ್ಲ. ಹೈದರಾಬಾದಿಗೆ ಚಳ್ಳಕೆರೆಯಿಂದ ಅನಂತಪುರ, ಕರ್ನೂಲಿನ ಮೇಲೆ ಹೋದರೆ ನಡುವೆ ಆಂಧ್ರಪ್ರದೇಶ ಸಿಗುತ್ತದೆ, ತೆಲಂಗಾಣ ಅದರಾಚೆ. ಅನುಮತಿ ಪತ್ರದಲ್ಲಿ ಎರಡೂ ರಾಜ್ಯಗಳ ಹೆಸರಿರಬೇಕು. ಗೋವಾಕ್ಕೆ ಅನಮೋಡ ಘಾಟಿಯ ದಾರಿ ಮೊಲ್ಲೆಂ ಅಭಯಾರಣ್ಯದ ಮೂಲಕ ಹೋಗುತ್ತದೆ. ಕೇರಳಕ್ಕೆ ಗುಂಡ್ಲುಪೇಟೆಯ ದಾರಿ ಬಂಡೀಪುರದ ನಡುವೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿ ಇಲ್ಲದೆ ಯಾವುದೇ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಶಸ್ತ್ರ ಪರವಾನಗಿ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಸುತ್ತಾದರೂ ಕಾಡು ತಪ್ಪಿಸಿ ಹೋಗಿ.

ವಿಮಾನದಲ್ಲಾದರೆ ಟಿಕೆಟ್ ತೆಗೆಯುವ ಮೊದಲೇ ಸಂಸ್ಥೆಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಕೈಚೀಲದಲ್ಲಿ ಇಡುವಂತಿಲ್ಲ. ಚೆಕ್-ಇನ್ ಸಾಮಾನಿನಲ್ಲಿ, ಖಾಲಿ ಮಾಡಿ, ಘೋಷಣೆ ಬರೆದುಕೊಟ್ಟು ಒಪ್ಪಿಸಬೇಕು. ಎಷ್ಟು ಹೊತ್ತು ಮುಂಚೆ ಬರಬೇಕೆಂದು ಅವರನ್ನೇ ಕೇಳಿ. ಕೇಪಿನ ಕೋವಿಯವರು ಮದ್ದನ್ನೂ ಕೇಪನ್ನೂ ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯಬಾರದು. ಅವು ಸ್ಫೋಟಕಗಳು.

ಹೋಗಿ ಮುಟ್ಟಿದ ಮೇಲೆ

ಮೂವತ್ತು ದಿನಕ್ಕಿಂತ ಹೆಚ್ಚು ಕಾಲಕ್ಕೆ ವಾಸ ಬದಲಿಸಿ ಕೋವಿಯನ್ನೂ ಒಯ್ದವರು, ಬದಲಿಸಿದ 30 ದಿನದೊಳಗೆ ಹೊಸ ಪ್ರಾಧಿಕಾರಕ್ಕೂ ಹಳೆಯ ಪ್ರಾಧಿಕಾರಕ್ಕೂ ತಿಳಿಸಬೇಕು. ಕೇಳಿದರೆ ಪರವಾನಗಿಯನ್ನೂ ಕೋವಿಯನ್ನೂ ಹಾಜರುಪಡಿಸಬೇಕು. ಕೊನೆಯ ದಿನದವರೆಗೆ ಕಾಯಬೇಡಿ, ಮೊದಲ ವಾರದಲ್ಲೇ ಹೋಗಿ. ಹೊಸ ಮನೆ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆಯೋ ಆ ಠಾಣೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೊಸ ಪ್ರಾಧಿಕಾರದವರು ನಿಮ್ಮ ಪರವಾನಗಿ ಅಸಲಿಯೇ ಎಂದು ದಾವಣಗೆರೆಗೆ ಅಥವಾ ಚಿತ್ರದುರ್ಗಕ್ಕೆ ಬರೆದು ಕೇಳುತ್ತಾರೆ. ಇದಕ್ಕೆ ಬೇಸರಪಡಬೇಡಿ. ಜಮ್ಮು ಮತ್ತು ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಅಕ್ರಮವಾಗಿ ಪರವಾನಗಿ ಕೊಟ್ಟ ಆರೋಪದ ಮೇಲೆ ಸಿಬಿಐ ತನಿಖೆ ನಡೆಸಿದ ಮೇಲಂತೂ ಹೊರರಾಜ್ಯದ ಯಾವ ಪುಸ್ತಕವನ್ನೂ ಹಾಗೆಯೇ ನಂಬುವುದಿಲ್ಲ. ಇಲ್ಲಿಂದ ಉತ್ತರ ಹೋಗುವುದು ತಡವಾದರೆ ನಿಮ್ಮ ಕೆಲಸವೇ ತಡ. ಊರಿನಲ್ಲಿರುವ ನೆಂಟರೊಬ್ಬರಿಗೆ ಪತ್ರದ ಸಂಖ್ಯೆ, ದಿನಾಂಕ ಕೊಟ್ಟು ಕಚೇರಿಯಲ್ಲಿ ವಿಚಾರಿಸುವಂತೆ ಹೇಳಿ. ಇ-ಮೇಲ್‌ನಲ್ಲಿ ಬಂದ ಪತ್ರ ಯಾರ ಗಮನಕ್ಕೂ ಬಾರದೆ ಉಳಿಯುವುದುಂಟು. ನೆಂಟರು ಮುಂದೆ ನಿಂತರೆ ಅದು ಹೊರಬರುತ್ತದೆ.

ಪೊಲೀಸರು ಮನೆಗೆ ಬಂದು ಕೋವಿ ಎಲ್ಲಿಡುತ್ತೀರಿ ಎಂದು ನೋಡುತ್ತಾರೆ. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಅದಕ್ಕೊಂದು ಒಳ್ಳೆಯ ಬೀಗ, ತೋಟಾಗಳಿಗೆ ಪ್ರತ್ಯೇಕ ಜಾಗ ಇವನ್ನು ಮೊದಲೇ ಮಾಡಿಸಿಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮುಂಚೆಯೇ ಹೇಳಿ. ಪೊಲೀಸರ ಬಾಯಿಂದ ಅವರಿಗೆ ತಿಳಿಯುವುದು ಮರ್ಯಾದೆಯಲ್ಲ. ಮಕ್ಕಳಿರುವ ಮನೆಯಲ್ಲಿ ಬೀಗದ ಕೈ ನಿಮ್ಮ ಮೈಮೇಲೆಯೇ ಇರಲಿ. ಇದರಲ್ಲಿ ರಾಜಿಯಿಲ್ಲ.

ಹೊಸ ಪ್ರಾಧಿಕಾರ ತನ್ನ ದಫ್ತರಿಗೆ ಸೇರಿಸಿಕೊಂಡು ಪುಸ್ತಕದಲ್ಲಿ ಹೊಸ ವಿಳಾಸ ಬರೆದು ಮುದ್ರೆ ಹಾಕಿದ ಮೇಲೆ ಮುಂದಿನ ನವೀಕರಣ ಅಲ್ಲಿಯೇ. ದತ್ತಾಂಶದಲ್ಲೂ ವಿಳಾಸ ಬದಲಾಗಿದೆಯೇ ಎಂದು ಕೇಳಿ ನೋಡಿ. ಪುಸ್ತಕದಲ್ಲಿ ಪುಣೆ, ಕಂಪ್ಯೂಟರಿನಲ್ಲಿ ದಾವಣಗೆರೆ ಎಂದು ಉಳಿದರೆ ಐದು ವರ್ಷದ ನಂತರ ಎರಡೂ ಕಡೆ ಅಲೆದಾಟ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳಿಗೂ ಮುಂಚೆಯೇ ಅರ್ಜಿ ಹಾಕಿ.

ಚುನಾವಣೆ ಘೋಷಣೆಯಾದಾಗ ಕೋವಿ ಠಾಣೆಗೆ ಒಪ್ಪಿಸುವ ಆದೇಶ ಈಗ ಹೊಸ ಜಿಲ್ಲೆಯದು ನಿಮಗೆ ಅನ್ವಯಿಸುತ್ತದೆ. ಅಲ್ಲಿಯ ಭಾಷೆಯ ಪತ್ರಿಕೆ ಓದಲು ಬಾರದಿದ್ದರೆ ಠಾಣೆಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟಿಡಿ. ಕಡತ ಇನ್ನೂ ನಡುವೆ ಇರುವಾಗ ಎರಡರಲ್ಲಿ ಯಾವುದೇ ರಾಜ್ಯದಲ್ಲಿ ನೀತಿ ಸಂಹಿತೆ ಬಂದರೆ ಕೋವಿಯನ್ನು ಅಲುಗಾಡಿಸಬೇಡಿ, ಇದ್ದಲ್ಲಿಯೇ ಒಪ್ಪಿಸಿ ರಸೀದಿ ಪಡೆಯಿರಿ. ಆಯುಧಪೂಜೆಗೆ ಕೋವಿ ಹೊರತೆಗೆದು ಕುಂಕುಮ ಇಡುವ ಪದ್ಧತಿ ನಮ್ಮಲ್ಲಿದೆ. ಹೊಸ ಊರಿನಲ್ಲೂ ಮನೆಯೊಳಗೆ ಮಾಡಿಕೊಳ್ಳಿ. ಈಡು ಹಾರಿಸುವುದು ಮಾತ್ರ ಎಲ್ಲಿಯೂ ಸಲ್ಲದು. ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಊರಿಗೆ ಮರಳುವವರು

ಹೊರರಾಜ್ಯದಲ್ಲಿ ಪಡೆದ ಪರವಾನಗಿಯೊಂದಿಗೆ ನಮ್ಮ ಕಡೆಗೆ ಬಂದು ನೆಲೆಸುವವರಿಗೂ, ಮುಖ್ಯವಾಗಿ ನಿವೃತ್ತ ಸೈನಿಕರಿಗೆ, ಕ್ರಮ ಇದೇ. ಕಚೇರಿಗಳು ಅದಲುಬದಲು. ಇಡೀ ಭಾರತದ ವ್ಯಾಪ್ತಿ ಇದೆ ಎಂದು ವರ್ಷಗಟ್ಟಲೆ ಸುಮ್ಮನಿರುವವರು ಇದ್ದಾರೆ. ವ್ಯಾಪ್ತಿ ಇದ್ದರೂ ವಾಸ ಬದಲಾದದ್ದನ್ನು ತಿಳಿಸುವ ಹೊಣೆ ತಪ್ಪುವುದಿಲ್ಲ. ಪರವಾನಗಿ ಕೊಟ್ಟ ಜಿಲ್ಲೆ ದೂರದ್ದಾದಷ್ಟೂ ಪರಿಶೀಲನೆಯ ಉತ್ತರ ಬರುವುದು ತಡ. ಅದಕ್ಕಾಗಿ ಅಲ್ಲಿಂದ ಹೊರಡುವಾಗಲೇ ನಿರಾಕ್ಷೇಪಣೆ ಪತ್ರವನ್ನು ಕೈಯಲ್ಲಿ ಹಿಡಿದು ಬನ್ನಿ.

ಮನೆ ಕಟ್ಟುವ ಜಾಗವನ್ನೂ ಗಮನಿಸಿ. ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಎರಡೂ ವನ್ಯಜೀವಿಧಾಮಗಳು. ಅಭಯಾರಣ್ಯದ ಒಳಗೆ ಅಥವಾ ಅದರ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಸಹಮತಿ ಬೇಕು. ಚಿತ್ರದುರ್ಗ ಪಟ್ಟಣದ ಸುತ್ತಮುತ್ತ ನಿವೇಶನ ಕೊಂಡವರು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ತಮ್ಮ ಮನೆ ಆ ಸುತ್ತಳತೆಯಲ್ಲಿದೆಯೇ ಎಂದು ಕೇಳಿ, ಇದ್ದರೆ ಪರವಾನಗಿಯ ಪ್ರತಿಯೊಂದಿಗೆ ಅಲ್ಲಿಯೂ ಅರ್ಜಿ ಕೊಡಬೇಕು.